ಸಂಪಾದಕರ ಉತ್ತರ: ಗ್ರಂಥಾಲಯದ ವಾಟ್ಸಾಪ್‌ಗೆ ಏನು ಹಾಕಬೇಕು?

ಇಂಡಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯೊಬ್ಬರು ಬರೆದಿದ್ದಾರೆ: "ನಮ್ಮ ಗ್ರಂಥಾಲಯಕ್ಕೆ ಫೇಸ್‌ಬುಕ್ ಪೇಜ್ ಮಾಡಿದ್ದೇನೆ. ಜಯಂತಿಗಳ ಫೋಟೊ ಹಾಕಿದರೆ ಒಂದಿಷ್ಟು ಲೈಕ್ ಬರುತ್ತವೆ, ಜನ ಬರುವುದಿಲ್ಲ. ಪರೀಕ್ಷೆಗೆ ಓದುವ ಹುಡುಗರನ್ನು ಬಿಟ್ಟರೆ ಕುರ್ಚಿ ಖಾಲಿ. ರೀಲ್ಸ್ ಮಾಡಿ ಅಂತ ಕೆಲವರು, ಪುಸ್ತಕದ ಪಿಡಿಎಫ್ ಹಾಕಿ ಅಂತ ಇನ್ನು ಕೆಲವರು. ಓದು ಕೆಡಿಸಿದ್ದೇ ಮೊಬೈಲ್. ಅದರಲ್ಲೇ ಹೋಗಿ ಓದುಗರನ್ನು ಹುಡುಕಬೇಕಾ?"

ಅಕ್ಕಾವರೆ, ಕೊನೆಯ ಪ್ರಶ್ನೆ ಮೊದಲು ತಗೊಳ್ಳೋಣ. ಹುಡುಕಬೇಕು. ಜನ ಎಲ್ಲಿದ್ದಾರೋ ಅಲ್ಲಿಗೆ ಪುಸ್ತಕ ಹೋಗುವುದು ಹೊಸ ಸಂಗತಿ ಏನಲ್ಲ. 1931ರಲ್ಲಿ ತಮಿಳುನಾಡಿನ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೊರಟರು. ನಮ್ಮ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನದ ತಾಳೆಗರಿ ಕೂಡಿಹಾಕಿ ಸುಮ್ಮನೆ ಕೂರಲಿಲ್ಲ. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಆ ಕಾಲಕ್ಕೆ ಕೈಗೆ ಸಿಕ್ಕ ದಾರಿ ಅದು, ಅದನ್ನೇ ಹಿಡಿದರು.

ಇನ್ನು ನಿಮ್ಮ ಪೇಜ್. ಜಯಂತಿಗೆ ಹಾರ ಹಾಕಿದ ಫೋಟೊ ನೋಡಿ ಯಾರಾದರೂ ಗ್ರಂಥಾಲಯಕ್ಕೆ ಯಾಕೆ ಬರಬೇಕು ಹೇಳಿ? ಅದರಲ್ಲಿ ಅವರಿಗೆ ಬೇಕಾದದ್ದು ಏನೂ ಇಲ್ಲ. (ಮೇಲಿನವರಿಗೆ ವರದಿ ಕಳಿಸಲು ಆ ಫೋಟೊ ಬೇಕು, ಗೊತ್ತು. ಕಳಿಸಿ. ಊರಿನವರಿಗೆ ಬೇರೆ ಹಾಕಿ.) ಗ್ರಂಥಾಲಯ ವಿಜ್ಞಾನದ ಪಂಡಿತ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯಕ್ಕೆ ಹೇಳಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ನಿಮ್ಮ ಪೋಸ್ಟ್‌ಗೆ ಇದೊಂದೇ ಸೂತ್ರ ಸಾಕು. ಒಂದು ಪುಸ್ತಕ ಕೈಗೆ ತಗೊಳ್ಳಿ. ಇದು ಊರಲ್ಲಿ ಯಾರಿಗೆ ಬೇಕು ಅಂತ ಯೋಚಿಸಿ. ಆ ಮನುಷ್ಯನಿಗೇ ಹೇಳಿದಂತೆ ಬರೆಯಿರಿ.

ಇಂಡಿ ಅಂದರೆ ಲಿಂಬೆ. ಲಿಂಬೆಯ ರೋಗಗಳ ಬಗ್ಗೆ ನಿಮ್ಮ ಕಪಾಟಿನಲ್ಲಿ ಒಂದು ಪುಸ್ತಕ ಇದೆ ಅಂದುಕೊಳ್ಳಿ. 'ಕೃಷಿ ಪುಸ್ತಕಗಳು ಲಭ್ಯವಿವೆ' ಅಂತ ಹಾಕಿದರೆ ಯಾರೂ ತಲೆ ಎತ್ತುವುದಿಲ್ಲ. 'ಗಿಡಕ್ಕೆ ಕಜ್ಜಿ ರೋಗ ಬಂದಿದೆಯಾ? ಯಾಕೆ ಬರುತ್ತದೆ, ಏನು ಮಾಡಬೇಕು, ಈ ಪುಸ್ತಕದಲ್ಲಿದೆ. ಎರಡನೇ ಕಪಾಟು. ಸಂಜೆ ಬಾಗಿಲು ಹಾಕುವುದರೊಳಗೆ ಬನ್ನಿ' ಅಂತ ಹಾಕಿ, ಜೊತೆಗೆ ಮುಖಪುಟದ ಫೋಟೊ. ತೋಟ ಇರುವವರು ಓದದೆ ಇರಲ್ಲ. ಅಕ್ಷರ ಕೂಡಿಸಿ ಓದಲು ತಡವರಿಸುವವರಿಗೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ. ಆಗ ಪುಸ್ತಕದ ಭಾಷೆ ಬೇಡ. "ಲಿಂಬಿ ಗಿಡಕ್ಕ ಕಜ್ಜಿ ರೋಗ ಬಂದೈತೇನ್ರಿ?" ಅಂತಲೇ ಕೇಳಿ. ಗೋವಾಕ್ಕೋ ಪುಣೆಗೋ ದುಡಿಯಲು ಹೋದ ಮಗ ಅದನ್ನು ಕೇಳಿ ಮನೆಗೆ ಫೋನ್ ಮಾಡಿ ಹೇಳಲೂಬಹುದು.

ಫೇಸ್‌ಬುಕ್ ಪೇಜ್ ಇರಲಿ, ಆದರೆ ನೆಚ್ಚಿಕೊಳ್ಳಬೇಡಿ. ಪೇಜ್‌ಗೆ ಲೈಕ್ ಕೊಟ್ಟವರಿಗೆಲ್ಲ ನಿಮ್ಮ ಪೋಸ್ಟ್ ಕಾಣುವುದಿಲ್ಲ. ಯಾರಿಗೆ ತೋರಿಸಬೇಕು ಅನ್ನುವುದು ಕಂಪನಿಯ ಲೆಕ್ಕ. ಹಳ್ಳಿಗೆ ವಾಟ್ಸಾಪೇ ಸರಿ. ಹೊಸ ಗ್ರೂಪ್ ಕಟ್ಟುವ ಮೊದಲು ಈಗಾಗಲೇ ಇರುವ ಗ್ರೂಪ್‌ಗಳನ್ನು ನೋಡಿ. ಶಾಲೆಯ ಪಾಲಕರದ್ದು, ಸ್ತ್ರೀಶಕ್ತಿ ಸಂಘದ್ದು, ಹಾಲಿನ ಡೇರಿಯದ್ದು. ಅಡುಗೆ, ಹೊಲಿಗೆ, ಮಕ್ಕಳ ಕಥೆ ಪುಸ್ತಕದ ಸುದ್ದಿ ಸಂಘದ ಗ್ರೂಪ್‌ಗೆ ಹೋಗಲಿ. ಓದಲು ಹೆಣ್ಣುಮಕ್ಕಳು ಬರಲ್ಲ ಅಂತ ಎಲ್ಲ ಕಡೆ ಹೇಳುತ್ತಾರೆ. ಅವರಿಗೆ ಸುದ್ದಿ ಮುಟ್ಟಿಸಿದ್ದು ಯಾರು?

ಗ್ರಂಥಾಲಯದ್ದೇ ಒಂದು ಬೇಕು ಅನಿಸಿದರೆ ಗ್ರೂಪ್‌ಗಿಂತ ವಾಟ್ಸಾಪ್ ಚಾನೆಲ್ ಒಳ್ಳೆಯದು. ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಕಾಲೇಜು ಹುಡುಗಿಯ ನಂಬರ್ ಊರಿಗೆಲ್ಲ ಹಂಚಿದಂತಾಗುತ್ತದೆ, ಆಮೇಲೆ ಆಕೆಯ ಅಪ್ಪ ಗ್ರಂಥಾಲಯಕ್ಕೇ ಕಳಿಸಲ್ಲ. ಚಾನೆಲ್‌ನಲ್ಲಿ ಓದುಗರ ನಂಬರ್ ಇನ್ನೊಬ್ಬ ಓದುಗರಿಗೆ ಕಾಣುವುದಿಲ್ಲ. ಗುಡ್ ಮಾರ್ನಿಂಗ್ ಹೂವಿನ ಕಾಟವೂ ಇಲ್ಲ! ಒಂದು ಕೊರತೆ ಇದೆ. ಅಲ್ಲಿ ಗ್ರೂಪ್‌ನ ಹಾಗೆ ಜನ ತಿರುಗಿ ಬರೆಯಲು ಆಗಲ್ಲ. ಹಾಗಾಗಿ ಪ್ರತಿ ಪೋಸ್ಟ್ ಕೆಳಗೆ ಕೇಳಲು ಒಂದು ನಂಬರ್ ಕೊಡಿ. ನಿಮ್ಮ ಸ್ವಂತ ನಂಬರ್ ದಯವಿಟ್ಟು ಬೇಡ. ಬೇರೆ ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿ. ದುಡ್ಡು ಕೊಡಬೇಕಿಲ್ಲ. ಕೆಲಸದ ವೇಳೆ ಬಿಟ್ಟು ಮೆಸೇಜ್ ಬಂದರೆ ಅದು ತಾನೇ ಉತ್ತರ ಕೊಡುವಂತೆ ಮಾಡಬಹುದು.

ಆ ನಂಬರೇ ಮುಂದೆ ನಿಮ್ಮ ದೊಡ್ಡ ಆಸ್ತಿ ಆಗುತ್ತದೆ. ಪೊಲೀಸ್ ನೇಮಕಾತಿ, ಕೆಪಿಎಸ್‌ಸಿ, ಟಿಇಟಿ ಅಂತ ಓದುವ ಹುಡುಗರಿಗೆ ದಿನಾ ನೂರೆಂಟು ಫಾರ್ವರ್ಡ್ ಬರುತ್ತವೆ. ಸುಳ್ಳು ನೇಮಕಾತಿ ಸುದ್ದಿ ನಂಬಿ ಶುಲ್ಕ ಅಂತ ದುಡ್ಡು ಕಳೆದುಕೊಂಡವರೂ ಇದ್ದಾರೆ. 'ಇದು ಖರೆನಾ ಅಂತ ನಮ್ಮನ್ನು ಕೇಳಿ' ಅಂತ ಒಮ್ಮೆ ಹಾಕಿ ನೋಡಿ. ಇಲಾಖೆಯ ವೆಬ್‌ಸೈಟ್ ತೆರೆದು ನೋಡಿ, ಖರೆ ಇದ್ದರೆ ಕೊನೆಯ ದಿನಾಂಕ ಸಹಿತ ಹಾಕಿ. ಸುಳ್ಳಾದರೆ ಸುಳ್ಳು ಅಂತ ಹಾಕಿ. ಗೊತ್ತಾಗದಿದ್ದರೆ ಅದನ್ನೂ ಹೇಳಿ. ಡಂಗುರದವನ ಮಾತಿಗೆ ಊರಲ್ಲಿ ಬೆಲೆ ಇದ್ದದ್ದು ಅವನು ಸುಳ್ಳು ಸಾರುವುದಿಲ್ಲ ಅಂತಲೇ ಅಲ್ವಾ?

ಪಿಡಿಎಫ್ ವಿಷಯದಲ್ಲಿ ನಾನು ಕಟ್ಟುನಿಟ್ಟು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041 ಮುಗಿಯುವ ತನಕ ಕಾಯಬೇಕು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಬರಹ 2025ರಿಂದ ಎಲ್ಲರದ್ದು. ಅದನ್ನು ಧಾರಾಳವಾಗಿ ಹಂಚಿ. ಉಳಿದವರ ಪುಸ್ತಕದ ಮುಖಪುಟ, ನಿಮ್ಮ ನಾಲ್ಕು ಮಾತು ಸಾಕು. ಬೇಕಾದವರು ಬಂದು ಒಯ್ಯಲಿ.

ರೀಲ್ಸ್ ಬೇಡ ಅನ್ನುವುದಿಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ಇರುವುದು ಸುಮಾರು 22,000 ಜನ. ಅಲ್ಲಿನ ಗ್ರಂಥಾಲಯ ಟ್ವಿಟರ್‌ನಲ್ಲಿ ತಮಾಷೆ ಮಾಡುತ್ತಾ ಮಾಡುತ್ತಾ ಊರಿನ ಜನಕ್ಕಿಂತ ಜಾಸ್ತಿ ಹಿಂಬಾಲಕರನ್ನು ಗಳಿಸಿತು. ಖುಷಿಯ ಸಂಗತಿ. ಆದರೆ ನಿಮ್ಮ ಕುರ್ಚಿಗೆ ಬಂದು ಕೂರುವವರು ಪಕ್ಕದ ಓಣಿಯವರು. ಮಾಡುವ ಹುರುಪಿದ್ದರೆ ಮಾಡಿ, ಒತ್ತಾಯಕ್ಕೆ ಬೇಡ. ಮಕ್ಕಳ ಮುಖ ತೋರಿಸುವುದಾದರೆ ತಂದೆ ತಾಯಿಯನ್ನು ಕೇಳಿ.

ಕೆಲಸ ಆಗುತ್ತಿದೆಯಾ ಅಂತ ನೋಡಲು ಲೈಕ್ ಎಣಿಸಬೇಡಿ. ಪುಸ್ತಕ ಒಯ್ಯುವ ರಿಜಿಸ್ಟರ್‌ನಲ್ಲಿ 'ಮೊಬೈಲ್‌ನಲ್ಲಿ ನೋಡಿ ಬಂದವರು' ಅಂತ ಒಂದು ಗುರುತು ಹಾಕುತ್ತಾ ಹೋಗಿ. ಲಿಂಬೆ ಪುಸ್ತಕ ಮೂರು ಮನೆ ತಿರುಗಿತು ಅಂದರೂ ಗೆದ್ದಿರಿ. ಸಿಮ್ ಪಂಚಾಯಿತಿ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಪಿಡಿಒ ಹತ್ತಿರವೂ ಇರಲಿ. ನಿಮ್ಮ ಸ್ವಂತ ಖಾತೆಯಿಂದ ಮಾಡಿದ್ದು ನಾಳೆ ನೀವು ಕೆಲಸ ಬಿಟ್ಟ ದಿನ ನಿಂತುಹೋಗುತ್ತದೆ.

ನಮ್ಮಲ್ಲಿಗೆ ವಿಮರ್ಶೆಗೆ ಬಂದ ಪುಸ್ತಕಗಳಲ್ಲಿ ಮಕ್ಕಳ ಕಥೆಯ ಒಂದು ಕಟ್ಟು ತೆಗೆದಿಟ್ಟಿದ್ದೇವೆ. ನಿಮ್ಮ ಪತ್ರದಲ್ಲಿ ಪಿನ್‌ಕೋಡ್ ಇಲ್ಲ. ಬರೆದು ಕಳಿಸಿದರೆ ಅಂಚೆಗೆ ಹಾಕುತ್ತೇವೆ.