ನಗಿಸುವ ಚಿತ್ರದಲ್ಲಿ ಸಾವೇಕೆ?

ಪ್ರಶ್ನೆ: ಕಳೆದ ತಿಂಗಳು ಸ್ನೇಹಿತರ ಮನೆಯಲ್ಲಿ ಇಟಲಿಯ ಮಾರಿಯೊ ಮೊನಿಚೆಲ್ಲಿ ಅವರ ‘ಇ ಸೊಲಿತಿ ಇನ್ಯೋತಿ’ ಎಂಬ ಹಳೆಯ ಕಪ್ಪು-ಬಿಳುಪು ಚಿತ್ರವನ್ನು ನೋಡಿದೆವು. ಬಡ ಕಳ್ಳರ ಗುಂಪೊಂದು ಗೋಡೆ ಒಡೆಯಲು ಹೊರಡುವ ಆ ಕಥೆ ನಮ್ಮನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿತು. ಆದರೆ ನಡುವೆ ಕೊಸಿಮೊ ಎಂಬವನು ಟ್ರಾಮ್‌ಗೆ ಸಿಕ್ಕಿ ಸತ್ತಾಗ ನಮ್ಮ ತಾಯಿಯವರು, “ಇಷ್ಟು ನಗಿಸಿ ಹೀಗೆ ಸಾಯಿಸಬಾರದಿತ್ತು” ಎಂದು ನೊಂದುಕೊಂಡರು. ಈ ನಿರ್ದೇಶಕರು ಯಾರು? ಹೀಗೇಕೆ ಮಾಡಿದರು?
– ಓದುಗರೊಬ್ಬರು, ಮಂಡ್ಯ

ಉತ್ತರ: ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಮೊನಿಚೆಲ್ಲಿಯವರ ಕಸುಬಿನ ಮರ್ಮವನ್ನೇ ಮುಟ್ಟಿದ್ದಾರೆ.

ಮೊನಿಚೆಲ್ಲಿ 1915ರಲ್ಲಿ ರೋಮ್‌ನಲ್ಲಿ ಹುಟ್ಟಿದರು, ತಂದೆ ಪತ್ರಕರ್ತರು. ಎರಡನೆಯ ಮಹಾಯುದ್ಧದ ನಂತರ ಸ್ತೆನೊ ಎಂಬ ಗೆಳೆಯರ ಜೊತೆಗೂಡಿ, ಹಾಸ್ಯನಟ ತೊತೊ ಅವರನ್ನಿಟ್ಟುಕೊಂಡು ಚಿತ್ರಗಳನ್ನು ಮಾಡತೊಡಗಿದರು. 1949ರ ಅವರ ಜಂಟಿ ಚಿತ್ರವೊಂದರ ವಸ್ತು, ಯುದ್ಧದಿಂದ ಜರ್ಝರಿತವಾದ ದೇಶದಲ್ಲಿ ಸಂಸಾರವೊಂದು ವಾಸಕ್ಕೆ ಮನೆ ಹುಡುಕುವ ಪಾಡು. ಹಸಿವು, ಬಡತನ, ರೋಗ, ಸಾವು ಇವುಗಳಿಂದಲೇ ಇಟಲಿಯ ಹಾಸ್ಯ ಹುಟ್ಟುತ್ತದೆ ಎಂಬುದು ಅವರು ಕೊನೆಯವರೆಗೂ ಬಿಡದ ನಿಲುವು.

ನೀವು ನೋಡಿದ 1958ರ ಚಿತ್ರದಲ್ಲಿ ಆ ನಿಲುವು ಮೊದಲ ಬಾರಿಗೆ ಪೂರ್ಣವಾಗಿ ಅರಳಿತು. ಅದರ ನಾಯಕ ವಿತ್ತೋರಿಯೊ ಗಾಸ್ಮನ್ ಆಗ ಹ್ಯಾಮ್ಲೆಟ್‌ನಂಥ ಪಾತ್ರಗಳಿಗೆ ಹೆಸರಾದ ರಂಗನಟರು. ಅವರಿಗೆ ಹಾಸ್ಯ ಒಗ್ಗೀತೆಂದು ನಿರ್ಮಾಪಕರಿಗೆ ನಂಬಿಕೆಯಿರಲಿಲ್ಲ. ಮೊನಿಚೆಲ್ಲಿ ಈ ಗಾಸ್ಮನ್ ಅವರ ಮೂಗಿನ ಆಕಾರವನ್ನು ಬದಲಿಸಿ, ಕೂದಲನ್ನು ಹಣೆಯ ಮೇಲಕ್ಕೆ ಇಳಿಸಿ, ಮಾತಿಗೆ ತೊದಲು ಕೊಟ್ಟು, ಆ ಗಂಭೀರ ಮುಖದೊಳಗಿಂದ ಪೆಚ್ಚು ಬಾಕ್ಸರ್ ಒಬ್ಬನನ್ನು ಹೊರತಂದರು. ನಮ್ಮ ಮೈಸೂರಿನಲ್ಲಿ ನಾಟಕಗಳನ್ನು ನೋಡುತ್ತ ಬೆಳೆದವರಿಗೆ ಇದು ಎಂಥ ಧೈರ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗೋಡೆಯ ದೃಶ್ಯವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ರಾತ್ರಿಯಿಡೀ ಬೆವರಿಳಿಸಿ ಒಡೆದ ಗೋಡೆಯಾಚೆ ತಿಜೋರಿಯಿಲ್ಲ, ಅದೇ ಮನೆಯ ಅಡುಗೆಮನೆಯಿದೆ. ಅಲ್ಲಿದ್ದ ಕಡಲೆಕಾಳು ಹಾಕಿದ ಪಾಸ್ತಾ ಕಂಡ ಕೂಡಲೇ ಅವರು ಊಟಕ್ಕೆ ಕೂರುತ್ತಾರೆ. ಮಂಡ್ಯದ ಮನೆಯಾಗಿದ್ದರೆ ಅಲ್ಲಿ ಮುದ್ದೆ, ಉಪ್ಸಾರು ಇರುತ್ತಿತ್ತು. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಅದೇ ಎಂದು ತಿಳಿದಾಗ ನಗುತ್ತಿರುವಂತೆಯೇ ಗಂಟಲು ಕಟ್ಟುತ್ತದೆ. ಕೊಸಿಮೊ ಸಾಯುವುದೂ ಇದೇ ಹಸಿವಿನ ಲೋಕದಲ್ಲಿ, ಚೀಲವೊಂದನ್ನು ಕಿತ್ತುಕೊಂಡು ಓಡಲು ಹೋಗಿ. ಆ ಸಾವನ್ನು ಮರೆಮಾಚಿದ್ದರೆ ಉಳಿದ ನಗುವೆಲ್ಲ ಸುಳ್ಳಾಗುತ್ತಿತ್ತೆಂದೇ ನಾನು ತಿಳಿಯುತ್ತೇನೆ.

ಮುಂದೆ ಮೊನಿಚೆಲ್ಲಿ ಹಲವು ಬಗೆಯ ಚಿತ್ರಗಳನ್ನು ಮಾಡಿದರು. 1966ರ ‘ಲಾರ್ಮಾತಾ ಬ್ರಾಂಕಲೆಯೋನೆ’ ಎಂಬ ಚಿತ್ರದ ಹೆಸರೇ, ತಾಳಮೇಳವಿಲ್ಲದ ಗುಂಪಿಗೆ ಹೇಳುವ ಮಾತಾಗಿ ಇಟಲಿಯವರ ನುಡಿಯಲ್ಲಿಯೇ ಸೇರಿಹೋಯಿತು. ಗೆಳೆಯರ ತುಂಟತನದ ‘ಅಮಿಚಿ ಮಿಯೆಯಿ’ (1975) ಮೂಲತಃ ಪಿಯೆತ್ರೊ ಜೆರ್ಮಿ ಎಂಬ ಇನ್ನೊಬ್ಬ ನಿರ್ದೇಶಕರ ಯೋಜನೆ. ಅವರು ತೀರಿಕೊಂಡಾಗ ಮೊನಿಚೆಲ್ಲಿ ಅದನ್ನು ಪೂರ್ಣಗೊಳಿಸಿ, ಆರಂಭದಲ್ಲಿ ಜೆರ್ಮಿಯವರ ಚಿತ್ರವೆಂದೇ ಹೆಸರು ಹಾಕಿಸಿದರು. ಆ ಒಂದು ನಡೆಗಾಗಿಯೇ ಅವರ ಮೇಲೆ ನನಗೆ ಗೌರವ ಹೆಚ್ಚು. 1977ರ ‘ಉನ್ ಬೊರ್ಗೇಸೆ ಪಿಕ್ಕೊಲೊ ಪಿಕ್ಕೊಲೊ’ದಲ್ಲಿ ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತನೊಬ್ಬ ತನ್ನ ಮಗನನ್ನೂ ಅದೇ ಸರ್ಕಾರಿ ಕಚೇರಿಗೆ ಸೇರಿಸಲು ಕಂಡಕಂಡವರ ಕೈಕಾಲು ಹಿಡಿಯುತ್ತಾನೆ; ಪರೀಕ್ಷೆಯ ದಿನವೇ ಯಾರೋ ಹಾರಿಸಿದ ಗುಂಡಿಗೆ ಮಗ ಬಲಿಯಾದ ಮೇಲೆ ಚಿತ್ರದಲ್ಲಿ ನಗುವೇ ಉಳಿಯುವುದಿಲ್ಲ. ಆ ತಂದೆಯಂಥವರು ನಮ್ಮ ಬೀದಿಗಳಲ್ಲೂ ಇದ್ದಾರೆ.

1991ರಲ್ಲಿ ವೆನಿಸ್ ಚಿತ್ರೋತ್ಸವ ಅವರಿಗೆ ಜೀವಮಾನದ ಸಾಧನೆಯ ಸ್ವರ್ಣಸಿಂಹವನ್ನು ನೀಡಿತು. ತೊಂಬತ್ತು ದಾಟಿದ ಮೇಲೂ, 2006ರಲ್ಲಿ, ಒಂದು ಚಿತ್ರ ಮಾಡಿದರು. ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದ ಅವರು 2010ರ ನವೆಂಬರ್‌ನಲ್ಲಿ, 95ನೆಯ ವಯಸ್ಸಿನಲ್ಲಿ, ರೋಮ್‌ನ ಆಸ್ಪತ್ರೆಯೊಂದರಲ್ಲಿ ತಾವಾಗಿಯೇ ಜೀವ ಕಳೆದುಕೊಂಡರು.

ತಾಯಿಯವರಿಗೆ ಇನ್ನೊಂದು ಚಿತ್ರ ತೋರಿಸುವುದಾದರೆ ‘ಲಾ ಗ್ರಾಂದೆ ಗ್ವೆರ್ರಾ’ ತೋರಿಸಿ. 1959ರಲ್ಲಿ ವೆನಿಸ್‌ನ ಸ್ವರ್ಣಸಿಂಹವನ್ನು ನಿರ್ದೇಶಕ ರೊಸ್ಸೆಲ್ಲಿನಿಯವರ ಚಿತ್ರದೊಂದಿಗೆ ಹಂಚಿಕೊಂಡ ಈ ಕಥೆಯಲ್ಲಿ, ಮೊದಲ ಮಹಾಯುದ್ಧದಿಂದ ನುಣುಚಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡ ಇಬ್ಬರು ಪುಕ್ಕಲು ಸೈನಿಕರು ಕೊನೆಗೆ ಶತ್ರುಗಳ ಕೈಗೆ ಸಿಕ್ಕಿ, ತಮ್ಮವರ ಗುಟ್ಟನ್ನು ಬಿಟ್ಟುಕೊಡದೆ ಗುಂಡಿಗೆ ಬಲಿಯಾಗುತ್ತಾರೆ. ಅದನ್ನರಿಯದ ಅವರ ಕ್ಯಾಪ್ಟನ್, ಆ ಮೈಗಳ್ಳರು ಈ ಸಲವೂ ತಪ್ಪಿಸಿಕೊಂಡರಲ್ಲ ಎನ್ನುತ್ತ ಮುಂದೆ ಸಾಗುತ್ತಾನೆ. ಆ ಕೊನೆಯ ಹತ್ತು ನಿಮಿಷ ನೀವು ತಾಯಿಯವರ ಪಕ್ಕದಲ್ಲೇ ಕುಳಿತಿರಿ.