ಓದುಗರ ಪ್ರಶ್ನೆ: ಇ-ಮೇಲ್‌ಗೊಂದು ಪಿಕ್ಚರ್ ಪೋಸ್ಟ್‌ಕಾರ್ಡ್

ಪ್ರಶ್ನೆ: ನಾನೇ ತೆಗೆದ ಫೋಟೊದಿಂದ ಪಿಕ್ಚರ್ ಪೋಸ್ಟ್‌ಕಾರ್ಡ್ ಮಾಡಿ ಇ-ಮೇಲ್‌ನಲ್ಲಿ ಕಳಿಸಬೇಕು. ಅಳತೆ ಎಷ್ಟಿಡಲಿ? 300 ಡಿಪಿಐ ಇರಲೇಬೇಕಂತೆ, ಹೌದೇ?

ಉತ್ತರ: ಡಿಪಿಐ, ಅಂದರೆ ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬುದು, ಮುದ್ರಣದವರ ಲೆಕ್ಕ. ಫೈಲಿನಲ್ಲಿ 72 ಎಂದಿದ್ದರೂ 300 ಎಂದಿದ್ದರೂ ಪರದೆಯಲ್ಲಿ ಕಾಣುವುದು ಒಂದೇ ಚಿತ್ರ, ಎಣಿಸಬೇಕಾದದ್ದು ಪಿಕ್ಸೆಲ್. 6×4 ಅಂಗುಲದ ಕಾರ್ಡಿನ ಆಕಾರ ಉಳಿಯುವಂತೆ 1200×800 ಪಿಕ್ಸೆಲ್ ಇಡಿ. ಮೇಲ್‌ಗಳನ್ನು ಸಾಮಾನ್ಯವಾಗಿ 600 ಪಿಕ್ಸೆಲ್ ಅಗಲಕ್ಕೆ ಹೊಂದಿಸುತ್ತಾರೆ. ಅದರ ಇಮ್ಮಡಿ ಇದ್ದರೆ ಒಳ್ಳೆಯ ಫೋನಿನ ಪರದೆಯಲ್ಲೂ ಚಿತ್ರ ಮಸುಕಾಗದು. ಮುಂದೆ ಅಚ್ಚು ಹಾಕಿಸುವ ಆಸೆ ಇದ್ದರೆ ಮಾತ್ರ 1800×1200ರಲ್ಲಿ ಮಾಡಿ ಮೂಲವನ್ನು ಎತ್ತಿಡಿ, ಕಳಿಸುವ ಪ್ರತಿಯನ್ನು ಚಿಕ್ಕದು ಮಾಡಿ.

ಫೋನಿನ ಚಿತ್ರ ಬಹುಪಾಲು 4:3. ಅದನ್ನು 3:2 ಮಾಡುವಾಗ ಎತ್ತರದಲ್ಲಿ ಒಂಬತ್ತನೇ ಒಂದು ಪಾಲು ಹೋಗುತ್ತದೆ. ಮೇಲಿನಿಂದ ಹೋಗಲೋ ಕೆಳಗಿನಿಂದಲೋ ಎಂದು ನೀವೇ ನೋಡಿ ಕತ್ತರಿಸಿ. ಎಳೆದು ಹಿಗ್ಗಿಸಿ ಕೂರಿಸಿದರೆ ಮುಖಗಳು ಉಬ್ಬುತ್ತವೆ. ವಾಟ್ಸಾಪ್‌ನಲ್ಲಿ ಬಂದ ಪ್ರತಿ ಸಾಮಾನ್ಯವಾಗಿ ಆಗಲೇ ಒಮ್ಮೆ ಕುಗ್ಗಿರುತ್ತದೆ, ಕ್ಯಾಮೆರಾದಲ್ಲಿರುವ ಮೂಲವನ್ನೇ ಬಳಸಿ.

ಪ್ರಶ್ನೆ: ಚಿತ್ರದ ಮೇಲೆ ಕನ್ನಡದಲ್ಲಿ ಬರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಸರಿಯಾಗಿ ಬಂದರೂ ಫೋನಿನಲ್ಲಿ ಓದಲಾಗದಷ್ಟು ಸಣ್ಣ.

ಉತ್ತರ: ಒತ್ತು ಬಿಡಿಬಿಡಿಯಾದರೆ ತಪ್ಪು ಫಾಂಟಿನದ್ದೇ ಇರಬೇಕೆಂದಿಲ್ಲ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗಿನ ಟೈಪ್ ವಿಭಾಗಕ್ಕೆ ಹೋಗಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ, ಆಮೇಲೆ ಪಠ್ಯವನ್ನು ಹೊಸದಾಗಿ ಹಾಕಿ. ಗಿಂಪ್, ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶಗಳಲ್ಲಿ ಯೂನಿಕೋಡ್ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ) ಕನ್ನಡಕ್ಕೆ ಈ ತಾಪತ್ರಯವಿಲ್ಲ. ಇನ್ನು ಅಕ್ಷರದ ಬದಲು ಇಂಗ್ಲಿಷ್ ಲಿಪಿಯ ಕಲಸುಮೇಲೋಗರ ಕಂಡರೆ, ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿ ಟೈಪಿಸಿದ ಪಠ್ಯ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಅಂಟಿಸಬೇಕು.

ಗಾತ್ರಕ್ಕೆ ಒಂದು ಲೆಕ್ಕವಿದೆ. 1200 ಅಗಲದ ಕಾರ್ಡು ಫೋನಿನಲ್ಲಿ ಸುಮಾರು 360ಕ್ಕೆ ಇಳಿಯುತ್ತದೆ, ಅಂದರೆ ಮೂರನೇ ಒಂದು ಪಾಲಿಗೂ ಕಡಿಮೆ. ನೀವು 30 ಪಿಕ್ಸೆಲ್‌ನಲ್ಲಿ ಬರೆದದ್ದು ಅಲ್ಲಿ 9 ಆಗಿ ಕೂರುತ್ತದೆ. 48ಕ್ಕಿಂತ ಕೆಳಗಿಳಿಯಬೇಡಿ, ಶೀರ್ಷಿಕೆಗೆ 90ರಿಂದ 110 ಇರಲಿ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂಚಿನಿಂದ 60 ಪಿಕ್ಸೆಲ್ ಬಿಡಿ. ಬರೆಯಲು ಆಕಾಶ, ನೀರು, ಗೋಡೆಯಂಥ ಖಾಲಿ ಜಾಗ ಹುಡುಕಿ. ಸಿಗದಿದ್ದರೆ ಅಕ್ಷರದ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ, 40–50 ಪ್ರತಿಶತ ಸಾಕು. ಅಕ್ಷರಕ್ಕೆ ದಪ್ಪ ನೆರಳು ಕೊಡುವ ಚಾಳಿ ನಮಗೆ ಹಿಡಿಸದು, ಒತ್ತುಗಳು ಅದರಲ್ಲಿ ಮುಳುಗುತ್ತವೆ.

ಪ್ರಶ್ನೆ: ಕಳಿಸಿದ ಕಾರ್ಡು ಒಬ್ಬರಿಗೆ ಖಾಲಿ ಚೌಕವಾಗಿ, ಇನ್ನೊಬ್ಬರಿಗೆ ಬಣ್ಣಗೆಟ್ಟು ಕಾಣಿಸಿತಂತೆ.

ಉತ್ತರ: ಖಾಲಿ ಚೌಕ ಎಂದರೆ ಬಹುಶಃ ಚಿತ್ರ ಮೇಲ್‌ನೊಳಗಿರಲಿಲ್ಲ, ಬೇರೆಲ್ಲೋ ಇಟ್ಟ ಚಿತ್ರಕ್ಕೆ ಕೊಂಡಿ ಮಾತ್ರ ಇತ್ತು. ಔಟ್‌ಲುಕ್‌ನಂಥವು ಹೊರಗಿನ ಚಿತ್ರಗಳನ್ನು ಓದುಗರು ಒಪ್ಪುವವರೆಗೆ ತಡೆದಿಡುತ್ತವೆ. ಚಿತ್ರವನ್ನೇ ಸೇರಿಸಿ. ಕಂಪ್ಯೂಟರಿನ ಜಿಮೇಲ್‌ನಲ್ಲಿ ಫೋಟೊ ಸೇರಿಸುವ ಗುಂಡಿ ಒತ್ತಿದಾಗ ‘ಇನ್‌ಲೈನ್’ ಆರಿಸಿದರೆ ಮೇಲ್ ತೆರೆದೊಡನೆ ಕಾರ್ಡು ಕಾಣುತ್ತದೆ.

ಬಣ್ಣ ಕೆಟ್ಟದ್ದಕ್ಕೆ ಸಾಮಾನ್ಯ ಕಾರಣ ಬಣ್ಣದ ಪ್ರೊಫೈಲ್, ಅಂದರೆ ಫೈಲಿನ ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಗುರುತು. ಸಿಎಂವೈಕೆ ಮುದ್ರಣಕ್ಕೆ, ಎಸ್‌ಆರ್‌ಜಿಬಿ ಪರದೆಗೆ. ಹಾಗಾಗಿ ಎಸ್‌ಆರ್‌ಜಿಬಿಗೆ ಬದಲಾಯಿಸಿಯೇ ಉಳಿಸಿ. ಅಡೋಬ್ ಆರ್‌ಜಿಬಿ ಎಂಬ ಇನ್ನೊಂದು ಪ್ರೊಫೈಲ್ ಕೆಲವೆಡೆ ಪೇಲವವಾಗಿ ಕಾಣುತ್ತದೆ. ಐಫೋನಿನ ಹೆಚ್‌ಇಐಸಿ ಬಗೆಯ ಫೋಟೊ ಫೈಲು ಎಲ್ಲ ಕಡೆ ತೆರೆಯದು. ಫೋಟೊಗೆ ಜೆಪೆಗ್, ಗುಣಮಟ್ಟ 80: ಸಾಮಾನ್ಯವಾಗಿ ಕೆಲವು ನೂರು ಕೆಬಿ. ಕೈಯಲ್ಲಿ ಬಿಡಿಸಿದ, ಚಪ್ಪಟೆ ಬಣ್ಣದ ಕಾರ್ಡಿಗೆ ಪಿಎನ್‌ಜಿ. ಆದರೆ ಹಿನ್ನೆಲೆ ಪಾರದರ್ಶಕ ಬಿಡಬೇಡಿ, ಡಾರ್ಕ್ ಮೋಡ್‌ನಲ್ಲಿ ಕಪ್ಪು ಅಕ್ಷರ ಕಪ್ಪಿನಲ್ಲೇ ಕರಗುತ್ತದೆ. ಜೆಪೆಗ್ ತೆರೆದು ತಿದ್ದಿ ಮತ್ತೆ ಜೆಪೆಗ್ ಆಗಿಯೇ ಉಳಿಸುತ್ತಾ ಹೋದರೆ ಪ್ರತಿ ಸಲವೂ ಒಂದಿಷ್ಟು ವಿವರ ಸವೆಯುತ್ತದೆ. ಚಿತ್ರ, ಅಕ್ಷರಗಳು ಬೇರೆಬೇರೆ ಪದರಗಳಾಗಿ (ಲೇಯರ್) ಇರುವ ಮೂಲ ಫೈಲಿನಲ್ಲೇ ತಿದ್ದಿ.

ಪ್ರಶ್ನೆ: ಅಂಚೆಚೀಟಿ, ವಿಳಾಸದ ಗೆರೆ ಇರುವ ಹಿಂಬದಿಯನ್ನೂ ಮಾಡಬೇಕೇ?

ಉತ್ತರ: ಅಲಂಕಾರಕ್ಕೆ ಬೇಕಿದ್ದರೆ ಮಾಡಿ. ಬ್ರಿಟನ್ನಿನಲ್ಲಿ 1902ಕ್ಕೆ ಮುಂಚೆ ಕಾರ್ಡಿನ ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಬರೆಯುವವರು ಚಿತ್ರದ ಅಂಚಿನಲ್ಲೇ ನಾಲ್ಕು ಮಾತು ತುರುಕಬೇಕಿತ್ತು. ನಿಮಗೆ ಆ ಕಷ್ಟವಿಲ್ಲ. ಕಾರ್ಡಿನ ಮೇಲೆ ಊರಿನ ಹೆಸರೋ ಶುಭಾಶಯವೋ ಒಂದು ಸಾಲು ಸಾಕು; ಪತ್ರವನ್ನು ಮೇಲ್‌ನಲ್ಲಿ ಚಿತ್ರದ ಕೆಳಗೆ ಟೈಪಿಸಿ. ಆಗ ಅಕ್ಷರ ದೊಡ್ಡದು ಮಾಡಿ ಓದಬಹುದು, ಕಣ್ಣು ಕಾಣದವರ ಫೋನು ಓದಿ ಹೇಳಬಲ್ಲದು.

ಕೊನೆಯದಾಗಿ, ಫೋಟೊ ಮನೆಯಲ್ಲಿ ತೆಗೆದದ್ದಾದರೆ ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ (ಫೈಲಿನೊಳಗೆ ಅಡಗಿರುವ ವಿವರ) ಸೇರಿಸುವ ಗುರುತು ತೆಗೆಯಿರಿ. ಇಲ್ಲವಾದರೆ ಫೋನು ಬರೆದಿಟ್ಟ ಜಿಪಿಎಸ್ ಜಾಗ ಕಾರ್ಡಿನ ಜತೆಗೇ ಹೋಗಬಹುದು.