‘ಬೇಸರದಿಂದ’ ಎಂಬ ಪದಕ್ಕೆ ಬಿದ್ದ ಕೆಂಪು ಸುತ್ತು

ಓದುಗರ ಪತ್ರ (ಸಂಕ್ಷಿಪ್ತಗೊಳಿಸಿದ್ದು):

“ನಾನು ಮಾನವಶಾಸ್ತ್ರದ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ಆಸೆಪಟ್ಟು ಸೇರಿದ ಕೋರ್ಸು. ಈಗ ಬಿಟ್ಟುಬಿಡೋಣ ಅನ್ನಿಸುತ್ತಿದೆ. ‘ಎಲ್ಲಾದರೂ ಒಂದು ಗಂಟೆ ಕೂತು, ಕಂಡದ್ದನ್ನು ಬರೆದು ತನ್ನಿ’ ಎಂದು ಮೇಷ್ಟ್ರು ಹೇಳಿದರು. ರೈಲು ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಕೂತು ನಾಲ್ಕು ಪುಟ ಬರೆದೆ. ‘ವಯಸ್ಸಾದವರೊಬ್ಬರು ಬೇಸರದಿಂದ ಕೂತಿದ್ದರು’ ಎಂದು ಬರೆದಿದ್ದೆ. ‘ಬೇಸರದಿಂದ’ ಎಂಬ ಪದಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ‘ಹೇಗೆ ಗೊತ್ತಾಯಿತು?’ ಎಂದು ಬರೆದು ವಾಪಸು ಕೊಟ್ಟರು. ನಾಲ್ಕು ಪುಟಕ್ಕೆ ಅದೊಂದೇ ಮಾತು. ಆ ಹಿರಿಯರನ್ನು ಮಾತಾಡಿಸಲು ಹೋದಾಗ ಅವರು ಎದ್ದು ಬೇರೆ ಕುರ್ಚಿಗೆ ಹೋಗಿಬಿಟ್ಟಿದ್ದರು. ಬೇರೆಯವರ ಬದುಕಿನಲ್ಲಿ ಇಣುಕುವುದೂ ಒಂದು ಓದೇ? ಓದಬೇಕಾದ ಹೆಸರುಗಳೋ ಮುಗಿಯುವುದೇ ಇಲ್ಲ. ‘ಇದನ್ನು ಓದಿ ಏನು ಕೆಲಸ ಸಿಗುತ್ತಮ್ಮಾ?’ ಎಂದು ನಮ್ಮ ಸೋದರಮಾವ ಬೇರೆ ಕೇಳುತ್ತಿರುತ್ತಾರೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಇಟ್ಟುಕೊಂಡಿದ್ದೆ. ನಾನೂ ಇದೇ ವಿಷಯ ಓದಿದವನು. ನಾಲ್ಕು ಮಾತಿನಲ್ಲಿ ಧೈರ್ಯ ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ಮೊದಲು ಆ ಕೆಂಪು ಸುತ್ತಿನ ವಿಷಯ. ನಿಮಗೆ ಅದು ಅವಮಾನ ಅನ್ನಿಸಿದೆ. ನಾಲ್ಕು ಪುಟವನ್ನೂ ಕೂತು ಓದಿ, ಸರಿಯಾಗಿ ಆ ಒಂದು ಪದದ ಮೇಲೆ ಬೆರಳಿಟ್ಟ ಮೇಷ್ಟ್ರು ನಿಮಗೆ ಸಿಕ್ಕಿದ್ದಾರೆ ಎಂದು ನನಗೆ ಸಂತೋಷವಾಯಿತು. ಆ ಹಿರಿಯರಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದಾದರೂ ಏನು? ಗಡಿಯಾರವನ್ನು ಪದೇ ಪದೇ ನೋಡಿದರೇ? ಕೈಯಲ್ಲಿದ್ದ ಟಿಕೆಟ್ಟನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರೇ? ಕಣ್ಣು ಮುಚ್ಚಿದ್ದರೇ? ಅದು ಬೇಸರವೂ ಇರಬಹುದು, ಮಂಡಿನೋವೂ ಇರಬಹುದು. ಯಾರನ್ನೋ ಕಳಿಸಿ ಬಂದ ದುಃಖವೂ ಇರಬಹುದು. ಟಿಕೆಟ್ ಮಡಚಿದ್ದನ್ನು ಬರೆದಿಟ್ಟಿದ್ದರೆ ಆರು ತಿಂಗಳ ನಂತರವೂ ಆ ಪುಟಕ್ಕೆ ಮರಳಿ ಬೇರೆ ಅರ್ಥ ಹುಡುಕಬಹುದು. ‘ಬೇಸರದಿಂದ’ ಎಂದು ಬರೆದರೆ ಆ ಬಾಗಿಲು ಅಲ್ಲಿಗೇ ಮುಚ್ಚಿತು.

ನನ್ನದೇ ಒಂದು ಪುಟ ಹೇಳುತ್ತೇನೆ. ಮೊದಲ ಸಲ ಫೀಲ್ಡ್‌ವರ್ಕಿಗೆ, ಅಂದರೆ ಜನರ ನಡುವೆ ಇದ್ದು ಅಧ್ಯಯನ ಮಾಡಲು, ಹೋಗಿದ್ದಾಗ ಒಂದು ಮನೆಯ ಹೆಂಗಸಿನ ಬಗ್ಗೆ ‘ನನ್ನನ್ನು ಕಂಡರೆ ಸಿಟ್ಟು, ಜೋರು ದನಿಯಲ್ಲಿ ಗದರಿಸಿಯೇ ಮಾತಾಡುತ್ತಾರೆ’ ಎಂದು ಬರೆದುಕೊಂಡೆ. ಹದಿನೈದು ದಿನ ಆ ಮನೆಯ ಕಡೆಗೇ ಹೋಗಲಿಲ್ಲ. ಆಮೇಲೆ ಒಂದು ದಿನ ಅವರ ಮೊಮ್ಮಗಳು ಅವರ ಮುಂದೆ ಬಂದು ನಿಂತು, ಮುಖ ಎತ್ತಿ, ಒಂದೊಂದೇ ಪದ ಬಿಡಿಸಿ ಹೇಳುವುದನ್ನು ನೋಡಿದೆ. ಅವರಿಗೆ ಕಿವಿ ಮಂದ. ತಮ್ಮ ದನಿ ಎಷ್ಟು ಜೋರಾಗಿದೆ ಎಂಬುದು ಅವರಿಗೇ ಕೇಳಿಸುತ್ತಿರಲಿಲ್ಲ. ಆ ಹದಿನೈದು ದಿನ ನನಗೆ ವಾಪಸು ಬರಲಿಲ್ಲ. ಅಂದಿನಿಂದ ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿಕೊಂಡೆ: ಕಂಡದ್ದು, ಕೇಳಿಸಿದ್ದು, ನನಗೆ ಅನ್ನಿಸಿದ್ದು. ನೀವೂ ಹಾಗೆ ಮಾಡಿ ನೋಡಿ. ‘ಅನ್ನಿಸಿದ್ದು’ ಎಂಬ ಭಾಗವೂ ಇರಲೇಬೇಕು. ಅದಕ್ಕೊಂದು ಜಾಗ ಕೊಡದಿದ್ದರೆ ಅದು ಕಳ್ಳ ಹೆಜ್ಜೆ ಇಟ್ಟು ಉಳಿದೆರಡರೊಳಗೆ ಸೇರಿಕೊಳ್ಳುತ್ತದೆ.

ಹಾಗಾದರೆ ಅರ್ಥವನ್ನೇ ಬರೆಯಬಾರದೇ ಎಂದು ಕೇಳುತ್ತೀರಿ. ಬರೆಯಬೇಕು. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ 1973ರ ಒಂದು ಪ್ರಬಂಧದಲ್ಲಿ ತತ್ವಜ್ಞಾನಿ ಗಿಲ್ಬರ್ಟ್ ರೈಲ್ ಅವರ ಉದಾಹರಣೆಯೊಂದನ್ನು ಎತ್ತಿಕೊಂಡರು. ಇಬ್ಬರು ಹುಡುಗರ ಬಲಗಣ್ಣು ಫಕ್ಕನೆ ಮುಚ್ಚಿ ತೆರೆಯುತ್ತದೆ. ಒಬ್ಬನದು ತಾನಾಗಿ ಅದುರಿದ ರೆಪ್ಪೆ. ಇನ್ನೊಬ್ಬ ಗೆಳೆಯನಿಗೆ ಕಣ್ಣು ಹೊಡೆದದ್ದು. ಕ್ಯಾಮೆರಾಗೆ ಎರಡೂ ಒಂದೇ. ಇಷ್ಟರಲ್ಲಿ ಮೂರನೆಯವನು ಬಂದು, ಕಣ್ಣು ಹೊಡೆದವನನ್ನು ಅಣಕಿಸಲು ತಾನೂ ಹಾಗೇ ಮಾಡುತ್ತಾನೆ. ಈ ಮೂರರ ವ್ಯತ್ಯಾಸ ತಿಳಿಯಬೇಕಾದರೆ ಆ ಹುಡುಗರ ನಡುವೆ ಏನು ನಡೆಯುತ್ತಿದೆ ಎಂದು ಗೊತ್ತಿರಬೇಕು. ಮಾನವಶಾಸ್ತ್ರದ ಕೆಲಸ ಇರುವುದೇ ಅಲ್ಲಿ. ನಿಮ್ಮ ಮೇಷ್ಟ್ರು ‘ಬೇಸರ ಎಂದು ಬರೆಯಬೇಡ’ ಎಂದಿಲ್ಲ, ಗಮನಿಸಿ. ‘ಹೇಗೆ ಗೊತ್ತಾಯಿತು?’ ಎಂದು ಕೇಳಿದ್ದಾರೆ. ಅದಕ್ಕೆ ಉತ್ತರ ಕೊಡಲು ಕಲಿತರೆ ಎಂ.ಎ.ದ ಮುಕ್ಕಾಲು ಪಾಲು ಕಲಿತ ಹಾಗೆ ಎಂಬುದು ನನ್ನ ನಂಬಿಕೆ.

ಆ ಹಿರಿಯರು ಎದ್ದುಹೋದರು ಎಂದು ನೊಂದುಕೊಂಡಿದ್ದೀರಿ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಈಗಿನ ದಕ್ಷಿಣ ಸುಡಾನಿನ ನುಯೆರ್ ಜನರ ಬಗ್ಗೆ 1940ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ಪುಟಗಳಲ್ಲೇ ಒಂದು ಸಂಭಾಷಣೆಯನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿದ್ದಾರೆ. ಅವರು ಒಬ್ಬನ ಹೆಸರು ಕೇಳುತ್ತಾರೆ. ಅವನು ಪ್ರಶ್ನೆಗೆ ಪ್ರಶ್ನೆ ಹಾಕುತ್ತಾ, ತನ್ನ ಕುಲದ ಹೆಸರು ಇವರಿಗೇಕೆ ಬೇಕು ಎಂದು ಜಾರಿಕೊಳ್ಳುತ್ತಲೇ ಹೋಗುತ್ತಾನೆ. ಅಷ್ಟು ದೊಡ್ಡ ವಿದ್ವಾಂಸರು ತಮ್ಮ ಸೋಲನ್ನೇ ಮುಂದಿಟ್ಟು ಪುಸ್ತಕ ಶುರುಮಾಡಿದರು. ಯುವಕರ ಹತ್ತಿರ ಯಾವ ಮಾತೆತ್ತಿದರೂ ಅದು ಕೊನೆಗೆ ದನಕರುಗಳಿಗೇ ಬಂದು ನಿಲ್ಲುತ್ತದೆ ಎಂದು ಮೊದಮೊದಲು ಬೇಸತ್ತಿದ್ದರು. ಆಮೇಲೆ ಅರ್ಥವಾಯಿತು, ಆ ಜನರನ್ನು ತಿಳಿಯುವ ದಾರಿಯೇ ದನಕರು ಎಂದು. ಮಾತಾಡದೆ ಎದ್ದುಹೋದದ್ದೂ ಒಂದು ಸಂಗತಿಯೇ ಅಲ್ವಾ? ನಿಮ್ಮ ನಾಲ್ಕು ಪುಟದಲ್ಲಿ ಅದು ಇತ್ತೇ? ಇರಲಿಲ್ಲ ಎಂದು ನನ್ನ ಊಹೆ.

ಇಣುಕುವ ಮಾತು ಮಾತ್ರ ನಿಜಕ್ಕೂ ಭಾರವಾದದ್ದು. ಈ ವಿಷಯಕ್ಕೆ ಕಳಂಕವಿಲ್ಲದ ಇತಿಹಾಸವಿಲ್ಲ. ಆಳುವವರ ನೆರಳಿನಲ್ಲಿ, ಆಳಿಸಿಕೊಳ್ಳುವವರ ಅಂಗಳಕ್ಕೆ ಹೋಗಿ ಬೆಳೆದ ವಿದ್ಯೆ ಇದು. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ ಎರಡು ಸಲ ನ್ಯೂಗಿನಿಯ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿಕೊಂಡಿದ್ದು, ಅಲ್ಲಿನ ಭಾಷೆ ಕಲಿತು, ಜನರ ನಡುವೆಯೇ ಬದುಕಿ ಅಧ್ಯಯನ ಮಾಡುವ ಮಾದರಿ ಹಾಕಿಕೊಟ್ಟರು. ತೀರಿಕೊಂಡದ್ದು 1942ರಲ್ಲಿ. ಅವರ ಖಾಸಗಿ ದಿನಚರಿ 1967ರಲ್ಲಿ ಅಚ್ಚಾದಾಗ ಓದಿದವರು ದಂಗಾದರು. ಒಂಟಿತನ, ಕಾಯಿಲೆ, ಮನೆಯ ನೆನಪು ಎಲ್ಲ ಇದ್ದವು. ಜೊತೆಗೆ, ಯಾರ ಬದುಕನ್ನು ಅಷ್ಟು ಅಕ್ಕರೆಯಿಂದ ಪುಸ್ತಕದಲ್ಲಿ ಬರೆದಿದ್ದರೋ ಅದೇ ಜನರ ಮೇಲೆ ತಿರಸ್ಕಾರದ ಮಾತುಗಳೂ ಇದ್ದವು. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ತಿಳಿದು ವಾರಗಟ್ಟಲೆ ಕಸಿವಿಸಿಪಟ್ಟಿದ್ದೇನೆ. ಆದರೆ ಈ ವಿದ್ಯೆ ಆ ದಿನಚರಿಯನ್ನು ಬಚ್ಚಿಡಲಿಲ್ಲ. ತರಗತಿಯಲ್ಲಿಟ್ಟು ಪಾಠ ಮಾಡಿತು. ಇವತ್ತು ನೀವು ಫೀಲ್ಡಿಗೆ ಹೊರಡುವ ಮುಂಚೆ ಒಪ್ಪಿಗೆ ಕೇಳಬೇಕು, ಹೆಸರು ಮರೆಸಬೇಕು, ಬೇಡ ಎಂದವರನ್ನು ಬಿಡಬೇಕು. ಆ ಹಿರಿಯರು ಕುರ್ಚಿ ಬದಲಿಸಿ ‘ಬೇಡ’ ಎಂದರು. ನೀವು ಬೆನ್ನು ಹತ್ತಲಿಲ್ಲ. ಇಣುಕುವವರು ಹಾಗೆ ಬಿಡುವುದಿಲ್ಲ. ಇಣುಕುತ್ತಿದ್ದೇನೆಯೇ ಎಂಬ ಅಳುಕು ಇದೆಯಲ್ಲ, ಅದನ್ನು ಕಳೆದುಕೊಳ್ಳಬೇಡಿ.

ಹೆಸರುಗಳ ರಾಶಿಗೆ ಹೆದರಬೇಡಿ. ಹತ್ತು ಪುಸ್ತಕದ ಸಾರಾಂಶ ಓದುವ ಬದಲು ಒಂದೇ ಪುಸ್ತಕವನ್ನು ಪೂರ್ತಿ ಓದಿ. ಒಬ್ಬ ಮನುಷ್ಯನ ದಾರಿಯನ್ನು ಹಿಡಿದು ಹೋದರೂ ಆಗುತ್ತದೆ. ಅಮೆರಿಕದಲ್ಲಿ ಮಾನವಶಾಸ್ತ್ರಕ್ಕೆ ಬುನಾದಿ ಹಾಕಿದ ಜರ್ಮನ್ ಮೂಲದ ಫ್ರಾಂಜ್ ಬೋಆಸ್ ಅವರನ್ನೇ ನೋಡಿ. 1881ರಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಭೌತಶಾಸ್ತ್ರದಲ್ಲಿ, ನೀರಿನ ಬಣ್ಣದ ಮೇಲೆ! ಎರಡು ವರ್ಷದ ನಂತರ ಕೆನಡಾದ ಉತ್ತರ ತುದಿಯ ಬ್ಯಾಫಿನ್ ದ್ವೀಪಕ್ಕೆ ಹೋಗಿ, ಅಲ್ಲಿನ ಮೂಲನಿವಾಸಿ ಇನುಯಿಟ್ ಜನರ ಜೊತೆ ಹಿಮದಲ್ಲಿ ಕಾಲ ಕಳೆದರು. ಅಲ್ಲಿಂದ ಅವರ ದಾರಿಯೇ ಬದಲಾಯಿತು. ಮುಂದೆ ಅಮೆರಿಕದಲ್ಲಿ ವಲಸೆ ಬಂದ ಕುಟುಂಬಗಳ ಸುಮಾರು 18 ಸಾವಿರ ಜನರ ತಲೆಯ ಅಳತೆ ತೆಗೆಸಿದರು. ತಲೆಯ ಆಕಾರ ನೋಡಿ ಜನಾಂಗಗಳನ್ನು ಮೇಲು ಕೀಳು ಎಂದು ಜೋಡಿಸುತ್ತಿದ್ದ ಕಾಲ ಅದು. ಅದೇ ತಂದೆತಾಯಿಗೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರವೇ ಬೇರೆಯಾಗಿರುವುದನ್ನು ಬೋಆಸ್ ತೋರಿಸಿದರು. ಬದಲಾಗುವುದೇ ಇಲ್ಲ ಎಂದುಕೊಂಡದ್ದು ಒಂದು ತಲೆಮಾರಿನಲ್ಲಿ ಬದಲಾಗಿತ್ತು. ಅಳತೆಪಟ್ಟಿ ಹಿಡಿದವರ ವಾದವನ್ನು ಅಳತೆಪಟ್ಟಿಯಿಂದಲೇ ಅಲುಗಾಡಿಸಿದ ಈ ಕೆಲಸ ನೆನೆದಾಗಲೆಲ್ಲ ನನಗೆ ಈ ವಿಷಯದ ಮೇಲೆ ಪ್ರೀತಿ ಜಾಸ್ತಿ ಆಗುತ್ತದೆ.

ಇನ್ನು ನಿಮ್ಮ ಸೋದರಮಾವ. ಅವರನ್ನು ನೀವು ಬರೀ ‘ಅಂಕಲ್’ ಎನ್ನದೆ ಸೋದರಮಾವ ಎಂದಿದ್ದೀರಿ. ಅಪ್ಪನ ತಮ್ಮನಾಗಿದ್ದರೆ ಚಿಕ್ಕಪ್ಪ ಎನ್ನುತ್ತಿದ್ದಿರಿ. ಇಂಗ್ಲಿಷಿನಲ್ಲಿ ಇಬ್ಬರೂ ಅಂಕಲ್ಲೇ. ಬಂಧುತ್ವದ ಪಾಠದಲ್ಲಿ ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ ಎಳೆದು ಬೇಜಾರಾಗಿದ್ದರೆ ಮೊದಲು ನಿಮ್ಮ ಮನೆಯವರನ್ನೇ ಅದರಲ್ಲಿ ಕೂರಿಸಿ. ನಾವು ನಂಟರನ್ನು ಕರೆಯುವ ಈ ಬಗೆಗೆ ಮಾನವಶಾಸ್ತ್ರದಲ್ಲಿ ದ್ರಾವಿಡ ಬಂಧುತ್ವ ಎಂದೇ ಹೆಸರಿದೆ.

ಅವರ ಪ್ರಶ್ನೆ ನ್ಯಾಯವಾದದ್ದು. ಸುಳ್ಳು ಹೇಳಲಾರೆ: ಈ ಪದವಿಗೆ ನೇರವಾಗಿ ಹೊಂದುವ ಹುದ್ದೆಗಳು ಕಡಿಮೆ. ಮ್ಯೂಸಿಯಂ, ಆರೋಗ್ಯ ಯೋಜನೆಗಳು, ಜನ ಒಂದು ಯಂತ್ರವನ್ನು ಹೇಗೆ ಬಳಸುತ್ತಾರೆ ಎಂದು ನೋಡುವ ಕಂಪನಿಗಳು, ಅಧ್ಯಾಪನ ಎಲ್ಲ ಇವೆ. ಆದರೆ ದಾರಿಯನ್ನು ನೀವೇ ಹುಡುಕಿಕೊಳ್ಳಬೇಕು. ಜೊತೆಗೆ ಇನ್ನೊಂದು ಕಸುಬು ಕೈಯಲ್ಲಿರಲಿ. ಅಂಕಿಅಂಶ ಶಾಸ್ತ್ರವೋ, ನಕ್ಷೆ ತಯಾರಿಸುವುದೋ, ಹೊಸದೊಂದು ಭಾಷೆಯೋ.

ಮಾವನಿಗೆ ಒಂದು ಕಥೆ ಹೇಳಿ ಬೇಕಾದರೆ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ಮಿಲಿಟರಿ ಆಡಳಿತವಿತ್ತು. ಸಾವಿರಾರು ಜನ ಕಾಣೆಯಾದರು. ಅದು ಮುಗಿದ ಮೇಲೆ, 1984ರಲ್ಲಿ, ಕ್ಲೈಡ್ ಸ್ನೋ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞರು ಹೆಸರಿಲ್ಲದ ಗೋರಿಗಳನ್ನು ತೆಗೆಯಲು ಅಲ್ಲಿಗೆ ಹೋದರು. ಅವರ ಜೊತೆ ಕೆಲಸಕ್ಕೆ ನಿಂತವರು ಮಾನವಶಾಸ್ತ್ರ, ಪುರಾತತ್ವ, ವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿಗಳು. ಮೂಳೆಯನ್ನು ಹೇಗೆ ಎತ್ತಬೇಕು, ಅದರಿಂದ ವಯಸ್ಸು, ಗಾಯ ಹೇಗೆ ಓದಬೇಕು ಎಂದು ಸ್ನೋ ಅವರಿಗೆ ಕಲಿಸಿದರು. ಮುಂದಿನ ವರ್ಷ ಸೇನಾ ನಾಯಕರ ವಿಚಾರಣೆಯಲ್ಲಿ ಸ್ನೋ ಸಾಕ್ಷಿ ಹೇಳಿದರು. ಆ ವಿದ್ಯಾರ್ಥಿಗಳ ತಂಡವೇ ಮುಂದೆ ಬೆಳೆದು ಹತ್ತಾರು ದೇಶಗಳಲ್ಲಿ, ಮನೆಯವರು ಕಾಯುತ್ತಿದ್ದ ಮೂಳೆಗಳಿಗೆ ಹೆಸರು ಹುಡುಕಿಕೊಟ್ಟಿತು. ಶುರುಮಾಡಿದಾಗ ಅವರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು.

ಕೊನೆಗೊಂದು ಕೋರಿಕೆ. ಬಿಡುವ ತೀರ್ಮಾನವನ್ನು ಈ ವರ್ಷ ಮುಗಿಯುವವರೆಗೆ ಪಕ್ಕಕ್ಕಿಡಿ. ಮುಂದಿನ ವಾರ ಅದೇ ವೇಟಿಂಗ್ ರೂಮಿಗೆ, ಅದೇ ಹೊತ್ತಿಗೆ ಹೋಗಿ, ಅದೇ ಕುರ್ಚಿಯಲ್ಲಿ ಕೂತು ಒಂದು ಗಂಟೆ ನೋಡಿ. ಅಲ್ಲೇ ಎರಡೆರಡು ಪದ ಗುರುತು ಹಾಕಿಕೊಳ್ಳಿ, ಅದೇ ರಾತ್ರಿ ಮಲಗುವ ಮುಂಚೆ ಪೂರ್ತಿ ಬರೆಯಿರಿ. ಬೆಳಗಾದರೆ ಅರ್ಧ ಮರೆತಿರುತ್ತದೆ. ಬರೆದದ್ದರ ಒಂದು ಪ್ರತಿಯನ್ನು ಬೇರೆ ಕಡೆ ಇಡಿ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸಿಕ್ಕವು. ಮೂರೂ ಒಂದೇ ಜಾಗದಲ್ಲಿದ್ದವು. ಇಪ್ಪತ್ತು ವರ್ಷಕ್ಕೂ ಹಿಂದೆ ತಾವು ಇದ್ದ ಹಳ್ಳಿಯ ಬಗ್ಗೆ ಅವರು ನೆನಪಿನಿಂದಲೇ ಒಂದು ಇಡೀ ಪುಸ್ತಕ ಬರೆದರು. 1976ರಲ್ಲಿ ಅದು ಪ್ರಕಟವಾಯಿತು. ಮುಖಗಳು, ಮಾತುಗಳು, ಜಗಳಗಳು ಅವರ ತಲೆಯಲ್ಲಿ ಉಳಿದಿದ್ದವು, ಏಕೆಂದರೆ ಆಗ ಅಷ್ಟು ಗಮನವಿಟ್ಟು ನೋಡಿದ್ದರು.

ಆ ಹಿರಿಯರು ಮತ್ತೆ ಬಂದಿದ್ದರೆ, ಮಾತಾಡಿಸಬೇಡಿ. ಅವರ ಕೈಗಳನ್ನು ನೋಡಿ. ನಿಮ್ಮ ಎರಡನೇ ಬರಹವನ್ನು, ಮೇಷ್ಟ್ರಿಗೆ ತೋರಿಸಿದ ಮೇಲೆ, ನನಗೂ ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ